ಕಪ್ಪು ಮರದ ಬ್ಯೂರೋ ಹುಡುಕುವವನು



ಈ ದತ್ತಿ ಉಪನ್ಯಾಸ ಒಬ್ಬ ಶಾನುಭೋಗರ ನೆನಪಿನದು. ಅವರನ್ನು ನಾನು ಕಂಡವನಲ್ಲ. ಆದರೆ ಅವರ ಕೈಬರಹ ಕಂಡಿದ್ದೇನೆ. ಕಂದಾಯ ಇಲಾಖೆಯ ರೆಕಾರ್ಡ್ ರೂಮುಗಳಲ್ಲಿ ನನ್ನ ನೌಕರಿಯ ಬಹುಭಾಗ ಕಳೆಯಿತು. ಈ ಹೋಬಳಿಯ ಹಳೆಯ ಖಾತೆ ಪುಸ್ತಕಗಳು ಮೊದಲು ನನ್ನ ಕೈಗೆ ಬಂದಾಗ, ಆ ದುಂಡು ಅಕ್ಷರ ಯಾರದೆಂದು ನನಗೆ ತಿಳಿದಿರಲಿಲ್ಲ. ಒಂದೊಂದು ಸಾಲಿನ ಕೊನೆಯಲ್ಲೂ ಗೀಟು ಎಳೆದು ಮುಗಿಸಿದ್ದರು, ಮುಂದೆ ಯಾರೂ ಅಲ್ಲಿ ಒಂದು ಸೊನ್ನೆ ಸೇರಿಸಬಾರದೆಂದು. ಆ ಗೀಟನ್ನು ನೋಡಿದಾಗಲೇ ಈ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು.

ಇಂಥವರ ಹೆಸರಿನ ಉಪನ್ಯಾಸದಲ್ಲಿ ದೆವ್ವದ ಮಾತು ತೆಗೆಯಬಹುದೇ ಎಂದು ಅವರ ಮನೆಯವರನ್ನು ಕೇಳಿದೆ. "ಧಾರಾಳವಾಗಿ ಮಾತಾಡಿ. ಕರೆಂಟು ಹೋದ ರಾತ್ರಿ ನಮಗೆಲ್ಲ ದೆವ್ವದ ಕಥೆ ಹೇಳುತ್ತಿದ್ದವರು ಅಜ್ಜನೇ" ಎಂದರು. ಆ ಧೈರ್ಯದಿಂದ ಬಂದಿದ್ದೇನೆ. ನಾನು ಹೇಳಲಿರುವ ದೆವ್ವವೂ ಕಾಗದಪತ್ರದ ಸಂಬಂಧದ್ದೇ. ಅದು ರಕ್ತ ಕುಡಿಯುವುದಿಲ್ಲ, ಯಾರ ಮೈಮೇಲೂ ಬರುವುದಿಲ್ಲ, ಹುಣಸೆಮರದಲ್ಲಿ ಕೂತು ಹೆಸರು ಹಿಡಿದು ಕೂಗುವುದಿಲ್ಲ. ಇನ್ನೂರು ವರ್ಷಕ್ಕೂ ಹೆಚ್ಚು ಕಾಲದ ಹಿಂದೆ ಕಳೆದುಹೋದ ಕೆಲವು ಕಾಗದಗಳನ್ನು ಅದು ಹುಡುಕುತ್ತಿದೆ.

ಜಾಗ ಕೋಲ್ಕತ್ತದ ಆಲಿಪುರ. ದಕ್ಷಿಣದ ಕಡೆಗಿರುವ, ದೊಡ್ಡ ಮರಗಳ ಬಡಾವಣೆ. ಮೃಗಾಲಯ ಅಲ್ಲಿದೆ, ನ್ಯಾಯಾಲಯಗಳು ಅಲ್ಲಿವೆ, ನಮ್ಮ ದೇಶದ ರಾಷ್ಟ್ರೀಯ ಗ್ರಂಥಾಲಯ ಅಲ್ಲಿದೆ. ಅಲ್ಲಿಯೇ ಜಡ್ಜಸ್ ಕೋರ್ಟ್ ರಸ್ತೆಯಲ್ಲಿ ಹೇಸ್ಟಿಂಗ್ಸ್ ಹೌಸ್ ಎಂಬ ಹಳೆಯ ಬಿಳಿಯ ಮನೆಯಿದೆ. ಬಂಗಾಳದ ಮೊದಲ ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ತನಗಾಗಿ ಕಟ್ಟಿಸಿಕೊಂಡ ಮನೆ ಅದು. 1901ರಲ್ಲಿ ವೈಸರಾಯ್ ಕರ್ಜನ್ ಅದನ್ನು ಸರಕಾರಕ್ಕೆ ಕೊಂಡುಕೊಂಡು, ಕಲ್ಕತ್ತೆಗೆ ಬರುವ ದೇಶೀಯ ರಾಜರು ಇಳಿದುಕೊಳ್ಳುವ ಅತಿಥಿಗೃಹ ಮಾಡಿಸಿದ. ಹತ್ತು ವರ್ಷದಲ್ಲಿ ರಾಜಧಾನಿಯೇ ದೆಹಲಿಗೆ ಹೊರಟಿತು, ಅತಿಥಿಗಳು ನಿಂತರು. ಸ್ವಾತಂತ್ರ್ಯ ಬಂದ ಮೇಲೆ ಅದು ಶಿಕ್ಷಕಿಯರನ್ನು ತರಬೇತು ಮಾಡುವ ಹೆಣ್ಣುಮಕ್ಕಳ ಕಾಲೇಜಾಯಿತು.

ಕಥೆ ಹೀಗಿದೆ. ರಾತ್ರಿ ಸರಿಹೊತ್ತಿನಲ್ಲಿ ನಾಲ್ಕು ಕುದುರೆಯ ಸಾರೋಟು ಹೆಬ್ಬಾಗಿಲಿನಿಂದ ಒಳಗೆ ಬರುತ್ತದೆ. ಜಲ್ಲಿಯ ಮೇಲೆ ಚಕ್ರ ಉರುಳುವ ಸದ್ದು, ಗೊರಸಿನ ಸದ್ದು. ಮೊಗಸಾಲೆಯ ಮುಂದೆ ನಿಲ್ಲುತ್ತದೆ. ಹಳೆಯ ಕಾಲದ ಉಡುಪಿನ ಸಾಹೇಬನೊಬ್ಬ, ಹೇಸ್ಟಿಂಗ್ಸನೇ ಎನ್ನುತ್ತಾರೆ, ಇಳಿದು ಒಳಗೆ ಹೋಗುತ್ತಾನೆ. ಕೋಣೆಯಿಂದ ಕೋಣೆಗೆ ಓಡಾಡುತ್ತಾನೆ. ಖಾನೆ ಎಳೆದ ಸದ್ದು, ಮುಚ್ಚಿದ ಸದ್ದು, ಕಾಗದ ಮಗುಚಿದ ಸದ್ದು. ಹುಡುಕಿದ್ದು ಸಿಗುವುದಿಲ್ಲ. ಬಂದ ದಾರಿಯಲ್ಲೇ ಸಾರೋಟು ಹಿಂದಿರುಗುತ್ತದೆ. ಬೆಳಗಾದ ಮೇಲೆ ನೋಡಿದರೆ ಜಲ್ಲಿಯ ಮೇಲೆ ಚಕ್ರದ ಗುರುತಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದ ಇಂಗ್ಲಿಷರ ಬರಹಗಳಲ್ಲೇ ಈ ಕಥೆ ಬರುತ್ತದೆ. ಆಮೇಲೆ ಬಂಗಾಳಿಗಳ ಬಾಯಲ್ಲಿ ಬೆಳೆಯಿತು. ಕಾಲೇಜು ಬಂದ ಮೇಲೆ ಇನ್ನೊಂದು ದೆವ್ವ ಸೇರಿಕೊಂಡಿತು: ಆ ಬಯಲಿನಲ್ಲಿ ಫುಟ್‌ಬಾಲ್ ಆಡುವಾಗ ಚೆಂಡು ಎದೆಗೆ ಬಡಿದು ಸತ್ತ ಹುಡುಗ. ಫುಟ್‌ಬಾಲಿಗೆ ಪ್ರಾಣ ಬಿಡುವ ಊರಿನಲ್ಲಿ ಇಂಥ ಕಥೆ ಹುಟ್ಟುವುದು ಸಹಜ. ನನ್ನ ಮನಸ್ಸು ಮಾತ್ರ ಸಾಹೇಬನ ಹಿಂದೆಯೇ ಹೋಯಿತು. ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿದವನಿಗೆ ಕಾಗದ ಮಗುಚುವ ಸದ್ದು ಬೇರೆಯವರಿಗಿಂತ ಹೆಚ್ಚು ಕೇಳಿಸುತ್ತದೆ.

ಈಗ ನಿಜಕ್ಕೆ ಬರುತ್ತೇನೆ. ಆ ಕಾಗದಗಳು ನಿಜವಾಗಿಯೂ ಕಳೆದುಹೋಗಿದ್ದವು.

ಹೇಸ್ಟಿಂಗ್ಸ್ ಕಲ್ಕತ್ತೆ ಬಿಟ್ಟು ಹಡಗು ಹತ್ತಿದ್ದು 1785ರ ಫೆಬ್ರವರಿಯಲ್ಲಿ. ಎರಡೂವರೆ ವರ್ಷದ ಮೇಲೆ, 1787ರ ಸೆಪ್ಟೆಂಬರಿನಲ್ಲಿ, ಕಲ್ಕತ್ತಾ ಗೆಜೆಟ್ ಪತ್ರಿಕೆಯಲ್ಲಿ ಒಂದು ಜಾಹೀರಾತು ಬಂತು. ಹೇಸ್ಟಿಂಗ್ಸ್ ಸಾಹೇಬರದೊಂದು ಹಳೆಯ ಕಪ್ಪು ಮರದ ಬ್ಯೂರೋ, ಅಂದರೆ ಖಾನೆಗಳಿರುವ ಬರವಣಿಗೆಯ ಮೇಜು, ಅವರು ಹೊರಟ ಹೊತ್ತಿನಲ್ಲಿ ಕಾಣೆಯಾಗಿದೆ. ಎಸ್ಪ್ಲನೇಡಿನ ಅವರ ಮನೆಯಿಂದ ಕಳವಾಗಿರಬೇಕು, ಇಲ್ಲವೇ ಹರಾಜಿನಲ್ಲಿ ಬೇರೆ ಸಾಮಾನಿನ ಜೊತೆ ತಪ್ಪಿ ಮಾರಿಹೋಗಿರಬೇಕು. ಅದರಲ್ಲಿ ಎರಡು ಪುಟ್ಟ ಚಿತ್ರಗಳೂ ಕೆಲವು ಖಾಸಗಿ ಕಾಗದಗಳೂ ಇದ್ದವು. ಒಳಗಿದ್ದ ವಸ್ತು ಮರಳಿ ಸಿಗುವಂಥ ಸುಳಿವು ಕೊಟ್ಟವರಿಗೆ ಅವರ ಪರವಾಗಿ ಲಾರ್ಕಿನ್ಸ್ ಮತ್ತು ಥಾಂಪ್ಸನ್ ಎಂಬಿಬ್ಬರು ಎರಡು ಸಾವಿರ ಸಿಕ್ಕಾ ರೂಪಾಯಿ ಕೊಡುತ್ತಾರೆ. ಜಾಹೀರಾತಿನ ತಿರುಳು ಇಷ್ಟು.

ಇದನ್ನು ಓದಿದಾಗ ಎರಡು ಸಂಗತಿ ನನ್ನನ್ನು ಹಿಡಿದು ನಿಲ್ಲಿಸಿದವು.

ಬಹುಮಾನ ಮೇಜಿಗಲ್ಲ. ಮೇಜು ಯಾರಾದರೂ ಇಟ್ಟುಕೊಳ್ಳಲಿ, ಒಳಗಿದ್ದದ್ದು ಬರಲಿ ಎಂಬ ಧಾಟಿ ಅದರಲ್ಲಿದೆ. ಹರಾಜಿನಲ್ಲಿ ಹೋದ ಹಳೆಯ ಮೇಜಿನ ಕಾಗದಕ್ಕೆ ಎರಡು ಸಾವಿರ ರೂಪಾಯಿ ಎಂದರೆ ಆ ಕಾಲಕ್ಕೆ ದೊಡ್ಡ ಮೊತ್ತ. ಕಳೆದುಕೊಂಡವನ ಕಳವಳವನ್ನು ಆ ಮೊತ್ತದಲ್ಲೇ ಅಳೆಯಬಹುದು.

ಇನ್ನೊಂದು, ಮನೆಯ ಮಾತು. ಬ್ಯೂರೋ ಕಳೆದದ್ದು ಎಸ್ಪ್ಲನೇಡಿನ ಮನೆಯಲ್ಲಿ, ಊರ ನಡುವೆ. ಸಾಹೇಬ ಹುಡುಕುತ್ತಿರುವುದು ಆಲಿಪುರದ ತೋಟದ ಮನೆಯಲ್ಲಿ. ಇನ್ನೂರು ವರ್ಷದಿಂದ ಅವನು ತಪ್ಪು ಮನೆಯಲ್ಲಿ ಹುಡುಕುತ್ತಿದ್ದಾನೆ! ಚರಿತ್ರೆ ಓದಿದವರು ಇಲ್ಲಿಗೆ ಕಥೆಯನ್ನು ತಳ್ಳಿಹಾಕಿಬಿಡಬಹುದು. ನಾನು ತಳ್ಳಲಾರೆ. ಹೇಸ್ಟಿಂಗ್ಸ್ ಬದುಕಿದ ಮನೆಯೆಂದು ಜನ ಬೆರಳಿಟ್ಟು ತೋರಿಸಬಹುದಾದದ್ದು ಆಲಿಪುರದ ಈ ಮನೆ. ಊರಿನ ನೆನಪು ತನ್ನ ದೆವ್ವವನ್ನು ನಿಂತಿರುವ ಗೋಡೆಗಳೊಳಗೆ ತಂದಿಟ್ಟುಕೊಂಡಿತು. ವಿಳಾಸ ತಪ್ಪಿತು. ಆದರೆ ಕಳೆದದ್ದೇನು ಎಂಬುದು ಒಂದಿಷ್ಟೂ ತಪ್ಪಲಿಲ್ಲ. ಚಿನ್ನ ಹುಡುಕುವ ಸಾಹೇಬನ ಕಥೆ ಕಟ್ಟುವುದು ಎಷ್ಟು ಸುಲಭವಿತ್ತು! ಕಂಪನಿಯ ದೊರೆಗಳು ಹೂತಿಟ್ಟ ನಿಧಿ ಎಂದರೆ ಯಾರು ನಂಬುತ್ತಿರಲಿಲ್ಲ? ಜನ ಹಾಗೆ ಹೇಳಲಿಲ್ಲ. ಕಾಗದ ಎಂದೇ ಹೇಳಿದರು.

ಯಾಕೆ ಕಾಗದ? ಇದಕ್ಕೆ ಉತ್ತರ ಬೇಕಾದರೆ ಹೇಸ್ಟಿಂಗ್ಸನ ಕಾಲದ ಕಲ್ಕತ್ತೆಯಲ್ಲಿ ಒಂದು ತುಂಡು ಕಾಗದ ಏನೇನು ಮಾಡಬಲ್ಲದಾಗಿತ್ತು ಎಂದು ನೋಡಬೇಕು.

1775ರ ಮಾರ್ಚಿನಲ್ಲಿ ಮಹಾರಾಜ ನಂದಕುಮಾರ ಎಂಬ ಬಂಗಾಳಿ ಬ್ರಾಹ್ಮಣ, ಇಳಿವಯಸ್ಸಿನ ದೊಡ್ಡ ಅಧಿಕಾರಸ್ಥ, ಹೇಸ್ಟಿಂಗ್ಸ್ ಲಂಚ ತಿಂದಿದ್ದಾನೆಂದು ಬರೆದು ಕೊಟ್ಟ. ಆ ದೂರನ್ನು ಗವರ್ನರ್ ಜನರಲನ ಕೌನ್ಸಿಲಿನ ಮುಂದೆ ಇಟ್ಟವನು ಅದರ ಸದಸ್ಯನೂ ಹೇಸ್ಟಿಂಗ್ಸನ ಕಡು ವಿರೋಧಿಯೂ ಆಗಿದ್ದ ಫಿಲಿಪ್ ಫ್ರಾನ್ಸಿಸ್. ಕೆಲವೇ ವಾರಗಳಲ್ಲಿ ನಂದಕುಮಾರನ ಮೇಲೆ ಬೇರೊಂದು ಮೊಕದ್ದಮೆ ಎದ್ದಿತು. ವರ್ಷಗಳ ಹಿಂದೆ ಸತ್ತಿದ್ದ ಬುಲಾಕಿ ದಾಸ ಎಂಬ ಸಾಹುಕಾರನ ಹೆಸರಿನಲ್ಲಿ ಸಾಲಪತ್ರವೊಂದನ್ನು ಸೃಷ್ಟಿಸಿದ್ದಾನೆಂಬ ಆಪಾದನೆ. ಆಗತಾನೆ ಬಂದಿದ್ದ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಎಲೈಜಾ ಇಂಪೆ, ಹೇಸ್ಟಿಂಗ್ಸನ ಜೊತೆ ಒಂದೇ ಶಾಲೆಯಲ್ಲಿ ಓದಿದವನು. ಜೂರಿಯಲ್ಲಿ ಕೂತ ಹನ್ನೆರಡು ಜನರೂ ಯೂರೋಪಿಯನ್ನರು. ಸುಳ್ಳು ಪತ್ರ ಮಾಡಿದವನಿಗೆ ಮರಣದಂಡನೆ ಎಂಬುದು ಇಂಗ್ಲೆಂಡಿನ ಕಾನೂನು. ಬಂಗಾಳದಲ್ಲಿ ಯಾವ ಹಿಂದೂ ಶಾಸ್ತ್ರವಾಗಲಿ ಮುಸ್ಲಿಂ ಶಾಸ್ತ್ರವಾಗಲಿ ಅದಕ್ಕೆ ಪ್ರಾಣ ಕೇಳುತ್ತಿರಲಿಲ್ಲ. ಆ ಪತ್ರ ಹುಟ್ಟಿದಾಗ ಆ ಕೋರ್ಟೇ ಹುಟ್ಟಿರಲಿಲ್ಲ. ಆದರೂ 1775ರ ಆಗಸ್ಟ್ 5ರಂದು ನಂದಕುಮಾರನನ್ನು ನೇಣಿಗೆ ಹಾಕಿದರು. ನೋಡಿದ ಜನ ಆ ಪಾಪದ ಕಣ್ಣನ್ನು ತೊಳೆದುಕೊಳ್ಳಲು ಹೂಗ್ಲಿಗೆ ಇಳಿದು ಮಿಂದರೆಂದು ಹೇಳುತ್ತಾರೆ.

ಈ ಮರಣಕ್ಕೆ ಹೇಸ್ಟಿಂಗ್ಸನ ಕೈ ಎಷ್ಟು ಕಾರಣ ಎಂಬ ವಾದ ಇಂದಿಗೂ ನಡೆಯುತ್ತಿದೆ. ಪತ್ರ ನಿಜವಾಗಿಯೂ ಕೃತಕವೇ ಇದ್ದಿರಬಹುದು ಎನ್ನುವವರಿದ್ದಾರೆ. ಇರಲಿ. ಲಂಚದ ದೂರು ಬರೆದ ಮುದುಕ ಐದೇ ತಿಂಗಳಲ್ಲಿ ಹಳೆಯ ಸಾಲಪತ್ರದ ನೆಪದಲ್ಲಿ ಹಗ್ಗಕ್ಕೆ ಹೋದ ಎಂಬುದು ಊರು ಕಣ್ಣಾರೆ ಕಂಡ ಸತ್ಯ. ಕಾಗದಕ್ಕೆ ಮನುಷ್ಯನನ್ನು ಕೊಲ್ಲುವ ಶಕ್ತಿಯಿದೆ ಎಂದು ಕಲ್ಕತ್ತೆ ಆವತ್ತು ತಿಳಿಯಿತು.

ಇನ್ನು ಫ್ರಾನ್ಸಿಸ್. ಅವನೂ ಹೇಸ್ಟಿಂಗ್ಸನೂ ಆರು ವರ್ಷ ಒಂದೇ ಮೇಜಿನಲ್ಲಿ ಕೂತು ಒಬ್ಬರನ್ನೊಬ್ಬರು ಬರಹದಲ್ಲಿ ಇರಿದರು. ಕೊನೆಗೆ ಕೌನ್ಸಿಲಿನ ನಡವಳಿಯಲ್ಲಿ ಹೇಸ್ಟಿಂಗ್ಸ್ ಬರೆದ ಮಾತುಗಳೇ ಪಿಸ್ತೂಲಿಗೆ ದಾರಿಮಾಡಿದವು. 1780ರ ಆಗಸ್ಟ್ 17ರ ಬೆಳಗಿನ ಜಾವ, ಆಲಿಪುರದಲ್ಲೇ, ಬೆಲ್ವೆಡೇರ್ ಮನೆಯ ಹತ್ತಿರ ಇಬ್ಬರೂ ದ್ವಂದ್ವಕ್ಕೆ ನಿಂತರು. ಫ್ರಾನ್ಸಿಸನಿಗೆ ಗುಂಡು ತಗುಲಿತು. ಹೇಸ್ಟಿಂಗ್ಸನಿಗೆ ಏನೂ ಆಗಲಿಲ್ಲ. ಗಾಯಾಳುವನ್ನು ಬೆಲ್ವೆಡೇರಿಗೇ ಹೊತ್ತೊಯ್ದರು. ಇಂದಿಗೂ ಅಲ್ಲೊಂದು ರಸ್ತೆಗೆ ಡ್ಯುಯೆಲ್ ಅವೆನ್ಯೂ ಎಂದೇ ಹೆಸರು. ಹವಾಮಾನ ಇಲಾಖೆಯ ಕಚೇರಿ ಆ ರಸ್ತೆಯಲ್ಲಿದೆ.

ಅದೇ ಆಗಸ್ಟಿನಲ್ಲಿ ನಮ್ಮ ಹೈದರಾಲಿಯ ಕುದುರೆಗಳು ಘಟ್ಟ ಇಳಿದು ಆರ್ಕಾಟಿನ ಸೀಮೆಯಲ್ಲಿ ಹರಡಿದ್ದವು ಎಂಬುದನ್ನು ನೆನೆಯದೆ ನಾನು ಮುಂದೆ ಹೋಗಲಾರೆ. ದ್ವಂದ್ವ ನಡೆದು ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 10ರಂದು, ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ದಳ ಮೈಸೂರಿನ ಸೈನ್ಯದ ಮುಂದೆ ನೆಲಕಚ್ಚಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಮೇಲೆ ನೀವೆಲ್ಲ ನೋಡಿರುವ ಆ ದೊಡ್ಡ ಚಿತ್ರ ಅದೇ ಯುದ್ಧದ್ದು. ಸುದ್ದಿ ಕಲ್ಕತ್ತೆಗೆ ಮುಟ್ಟಿದ ಕೂಡಲೇ ಹೇಸ್ಟಿಂಗ್ಸ್ ಸರ್ ಐರ್ ಕೂಟನನ್ನು ಸೈನ್ಯ, ಹಣ ಸಮೇತ ಮದರಾಸಿಗೆ ಸಮುದ್ರದಲ್ಲಿ ಕಳಿಸಿದ. ಆ ಹಣ ಎಲ್ಲಿಂದ ಬರಬೇಕು? ಫ್ರೆಂಚರ ಯುದ್ಧದ ಹೆಸರಿನಲ್ಲಿ ಕಾಶಿಯ ರಾಜ ಚೇತ ಸಿಂಗನಿಂದ 1778ರಲ್ಲೇ ವಸೂಲಿ ಶುರುವಾಗಿತ್ತು. ಮೈಸೂರಿನ ಯುದ್ಧ ಬಂದ ಮೇಲೆ ಕತ್ತಿನ ಹಿಡಿತ ಬಿಗಿಯಾಯಿತು. 1781ರಲ್ಲಿ ಹೇಸ್ಟಿಂಗ್ಸ್ ತಾನೇ ಕಾಶಿಗೆ ಹೋಗಿ ರಾಜನನ್ನು ಸೆರೆಹಿಡಿಸಿದ, ಊರು ದಂಗೆಯೆದ್ದಿತು. ಆಮೇಲೆ ಅವಧದ ಬೇಗಮರ ಖಜಾನೆಯ ಕಡೆ ಕೈ ಹೋಯಿತು. ಇವೆರಡೂ ಮುಂದೆ ಲಂಡನ್ನಿನಲ್ಲಿ ಅವನ ಮೇಲಿನ ದೋಷಾರೋಪಣೆಯ ಮುಖ್ಯ ಕಲಮುಗಳಾದವು. ಕಾವೇರಿಯ ದಡದಲ್ಲಿ ಎದ್ದ ಧೂಳು ಗಂಗೆಯ ದಡದ ಖಜಾನೆಗಳನ್ನು ಬರಿದುಮಾಡಿ ಥೇಮ್ಸಿನ ದಡದ ಕಟಕಟೆಗೆ ಮುಟ್ಟಿತು.

ವೆಸ್ಟ್‌ಮಿನ್‌ಸ್ಟರ್ ಹಾಲಿನಲ್ಲಿ ವಿಚಾರಣೆ 1788ರ ಫೆಬ್ರವರಿ 13ಕ್ಕೆ ಶುರುವಾಗಿ 1795ರ ಏಪ್ರಿಲ್ 23ಕ್ಕೆ ಮುಗಿಯಿತು. ಏಳು ವರ್ಷ. ಎಡ್ಮಂಡ್ ಬರ್ಕ್ ಆಪಾದಿಸುವವರ ಮುಂದಾಳು. ಬರ್ಕನ ಬೆನ್ನ ಹಿಂದೆ ಕೂತು ಕಾಗದ ಒದಗಿಸಿದವನು ಅದೇ ಫ್ರಾನ್ಸಿಸ್. ಪ್ರತಿಯೊಂದು ದಿನವೂ ಕಾಗದದ ಮೇಲೆ ಕಾಗದ: ನಡವಳಿ, ಪತ್ರ, ಲೆಕ್ಕ, ರಸೀದಿ. ಈ ಹಿನ್ನೆಲೆಯಲ್ಲಿ 1787ರ ಜಾಹೀರಾತನ್ನು ಮತ್ತೆ ನೋಡಿ. ಆ ವರ್ಷದ ಮೇ ತಿಂಗಳಲ್ಲಷ್ಟೇ ಕಾಮನ್ಸ್ ಸಭೆ ದೋಷಾರೋಪಣೆಗೆ ಒಪ್ಪಿತ್ತು. ಬ್ಯೂರೋದಲ್ಲಿದ್ದ ಕಾಗದ ಸಿಕ್ಕಿದ್ದರೆ ಅವನಿಗೆ ಅನುಕೂಲವಾಗುತ್ತಿತ್ತು, ಅದಕ್ಕೇ ಅವನ ಆತ್ಮ ತೊಳಲುತ್ತಿದೆ ಎಂದು ಕಥೆ ಹೇಳುವವರು ಸೇರಿಸುತ್ತಾರೆ. ಶತ್ರುಗಳ ಕೈಗೆ ಸಿಕ್ಕಿದ್ದರೆ ಕೆಡುತ್ತಿದ್ದ ಎಂದೂ ಊಹಿಸಬಹುದು. ಬರಿಯ ಮನೆವಾರ್ತೆಯ ಕಾಗದಗಳೇ ಇದ್ದರೂ ಇರಬಹುದು. ಎರಡು ಪುಟ್ಟ ಚಿತ್ರ ಇದ್ದವಲ್ಲ, ಪ್ರಿಯರ ಮುಖವಿದ್ದ ಚಿತ್ರ ಕಳೆದುಕೊಂಡವನ ಸಂಕಟಕ್ಕೆ ಬೇರೆ ಕಾರಣ ಬೇಕೇ?

ಕೊನೆಗೆ ಅವನು ಎಲ್ಲ ಆಪಾದನೆಗಳಿಂದಲೂ ಬಿಡುಗಡೆಯಾದ. ವಕೀಲರ ಖರ್ಚು 70 ಸಾವಿರ ಪೌಂಡು ದಾಟಿತ್ತು, ಮನುಷ್ಯ ಬರಿಗೈಯಾಗಿದ್ದ. ಆದರೆ ಗೆದ್ದಿದ್ದ. ಇಂಗ್ಲೆಂಡಿನ ಡೇಲ್ಸ್‌ಫರ್ಡಿನಲ್ಲಿ, ತನ್ನ ಪೂರ್ವಿಕರ ನೆಲದಲ್ಲಿ, 85 ವರ್ಷ ತುಂಬಿ 1818ರಲ್ಲಿ ಕಣ್ಣು ಮುಚ್ಚಿದ. ಅವನು ಜೋಪಾನ ಮಾಡಿದ ಉಳಿದ ಕಾಗದಗಳು 250ಕ್ಕೂ ಹೆಚ್ಚು ಸಂಪುಟಗಳಾಗಿ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಭದ್ರವಾಗಿವೆ.

ನನ್ನ ಪ್ರಶ್ನೆ ಇಲ್ಲಿದೆ. ಗೆದ್ದವನು, ತುಂಬು ಆಯುಸ್ಸು ಕಂಡವನು, ತನ್ನ ಹಾಸಿಗೆಯಲ್ಲಿ ಸತ್ತವನು, ತನ್ನ ಬರಹವೆಲ್ಲ ಉಳಿದವನು ದೆವ್ವವಾಗುವುದು ಎಲ್ಲಾದರೂ ಉಂಟೇ? ನಮ್ಮ ಲೆಕ್ಕದಲ್ಲಿ ದೆವ್ವವಾಗುವವರು ಬೇರೆ. ಬಾವಿಗೆ ಬಿದ್ದ ಸೊಸೆ, ಬಾಣಂತಿತನದಲ್ಲಿ ಹೋದವಳು, ಕೊಲೆಯಾದ ಪ್ರಯಾಣಿಕ. ಆ ಲೆಕ್ಕದಲ್ಲಿ ಅಲೆಯಬೇಕಾದವನು ನಂದಕುಮಾರ. ಅಥವಾ ಬ್ರಹ್ಮರಾಕ್ಷಸ ಎಂಬ ಮಾತಿದೆ. ಕಲಿತದ್ದನ್ನು ಬಚ್ಚಿಟ್ಟು ಸತ್ತ ಪಂಡಿತ ಮರದಲ್ಲಿ ಜೋತುಬಿದ್ದು, ಯಾರಾದರೂ ಬಂದು ಕೇಳಲಿ ಎಂದು ಕಾಯುವನಂತೆ. ಬಂಗಾಳಿಗಳಲ್ಲೂ ಅವನು ಬ್ರಹ್ಮದೈತ್ಯನಾಗಿದ್ದಾನೆ. ಆಲಿಪುರದ ಸಾಹೇಬನಿಗೂ ಬ್ರಹ್ಮರಾಕ್ಷಸನಿಗೂ ದೂರದ ನಂಟು ಇರುವಂತೆ ನನಗೆ ಕಾಣುತ್ತದೆ. ಇಬ್ಬರನ್ನೂ ಹಿಡಿದಿಟ್ಟಿರುವುದು ಹೇಳದೆ ಉಳಿದ ಸಂಗತಿ.

ತುಳುನಾಡಿನವರು ಇಲ್ಲಿ ಇದ್ದರೆ ಅವರಿಗೆ ನನ್ನ ಮಾತು ಬೇಗ ಹತ್ತೀತು. ಅವರ ಭೂತ ಹೆದರಿಸುವುದಕ್ಕೆ ಬರುವುದಿಲ್ಲ, ನ್ಯಾಯ ಹೇಳುವುದಕ್ಕೆ ಬರುತ್ತದೆ. ಬೀಡಿನ ಯಜಮಾನನೂ ಅದರ ಮುಂದೆ ತಲೆತಗ್ಗಿಸಿ ಉತ್ತರ ಕೊಡಬೇಕು. ಕಲ್ಕತ್ತೆಯ ಜನಕ್ಕೆ ವೆಸ್ಟ್‌ಮಿನ್‌ಸ್ಟರ್ ಹಾಲಿನ ಕಟಕಟೆ ಕಾಣಿಸುವಷ್ಟು ಹತ್ತಿರದಲ್ಲಿರಲಿಲ್ಲ. ಅಲ್ಲಿ ಸಾಕ್ಷಿ ಹೇಳಲು ಅವರನ್ನು ಯಾರೂ ಕರೆಯಲಿಲ್ಲ. ಅವರ ಕೈಯಲ್ಲಿದ್ದದ್ದು ಈ ಮನೆ, ಈ ಜಲ್ಲಿಯ ದಾರಿ, ಈ ರಾತ್ರಿ. ದೊಡ್ಡ ನ್ಯಾಯಸಭೆ ಬಿಟ್ಟುಕಳಿಸಿದವನನ್ನು ಅವರು ಬಿಡಲಿಲ್ಲ, ಪ್ರತಿ ರಾತ್ರಿ ಕರೆಸಿದರು. ಶಿಕ್ಷೆಯನ್ನೂ ಗೊತ್ತುಮಾಡಿದರು: ಕಾಗದದಿಂದ ಆಳಿದವನು ಕಾಗದ ಹುಡುಕಲಿ. ಈ ಕಥೆಯನ್ನು ಮೊದಲು ಅಚ್ಚು ಮಾಡಿದವರು ಇಂಗ್ಲಿಷರು, ನಿಜ. ಆದರೆ ರಾತ್ರಿ ಆ ಹೆಬ್ಬಾಗಿಲು ಕಾಯುತ್ತಿದ್ದವರು ಇಂಗ್ಲಿಷರಲ್ಲ. ಸಾರೋಟಿನ ಸದ್ದು ಕಾವಲುಗಾರನಿಗೆ ಕೇಳಿಸದೆ ಸಾಹೇಬರ ಪುಸ್ತಕಕ್ಕೆ ಹೇಗೆ ಹೋದೀತು?

ಊರವರ ಮಾತು ಸಾಹೇಬರ ಪುಸ್ತಕ ಸೇರಿದ್ದು ನಮ್ಮಲ್ಲೂ ಉಂಟು. ಕರ್ನಲ್ ಕಾಲಿನ್ ಮೆಕೆಂಝಿಯ ಹೆಸರು ನೀವು ಕೇಳಿರುತ್ತೀರಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದವನು. ನೆಲ ಅಳೆಯುವುದರ ಜೊತೆಗೆ ಊರೂರಿನ ಕೈಫಿಯತ್ತು ಬರೆಸಿದ. ಕೈಫಿಯತ್ತು ಎಂದರೆ ಹೇಳಿಕೆ. ನಿಮ್ಮ ಊರು ಹೇಗೆ ಹುಟ್ಟಿತು, ಈ ಗುಡಿ ಯಾರು ಕಟ್ಟಿದರು, ಈ ಕೆರೆಗೆ ಯಾರು ಬಲಿಯಾದರು ಎಂದು ಕೇಳಿದರೆ ಶಾನುಭೋಗರು, ಹಿರಿಯರು ಕೊಟ್ಟ ಉತ್ತರ. ಅದರಲ್ಲಿ ರಾಜರ ಹೆಸರೂ ಇದೆ, ತೆರಿಗೆಯೂ ಇದೆ, ಕನಸಿನಲ್ಲಿ ಬಂದ ದೇವಿಯೂ ಇದ್ದಾಳೆ. ಮೆಕೆಂಝಿ ಮುಂದೆ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ ಕಲ್ಕತ್ತೆಗೆ ಹೋದ. ನಮ್ಮ ಊರುಗಳ ಹೇಳಿಕೆಯೂ ಅವನ ಸಂಗ್ರಹದ ಜೊತೆ ಅಲ್ಲಿಗೆ ಹೋಯಿತು. 1821ರಲ್ಲಿ ಅವನು ಸತ್ತ. ಸೌತ್ ಪಾರ್ಕ್ ಸ್ಟ್ರೀಟಿನ ಹಳೆಯ ಸ್ಮಶಾನದಲ್ಲಿ, ದೊಡ್ಡ ದೊಡ್ಡ ಗೋರಿಗಳ ನಡುವೆ ಅವನದೂ ಇದೆ. ಸಂಗ್ರಹದ ದಕ್ಷಿಣದ ಭಾಷೆಗಳ ಭಾಗ ಆಮೇಲೆ ಮದರಾಸಿಗೆ ಮರಳಿತು. ನಮ್ಮ ಕಾಲದಲ್ಲಿ ಎಂ. ಎಂ. ಕಲಬುರ್ಗಿಯವರು ಕನ್ನಡದ ಕೈಫಿಯತ್ತುಗಳನ್ನು ಸಂಪಾದಿಸಿಕೊಟ್ಟರು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅಚ್ಚು ಹಾಕಿತು. ಇಲ್ಲದಿದ್ದರೆ ಅವು ಎಷ್ಟು ಜನರ ಕಣ್ಣಿಗೆ ಬೀಳುತ್ತಿದ್ದವು?

ಹೇಸ್ಟಿಂಗ್ಸ್ ಹೌಸಿನ ಕಥೆಯನ್ನು ನಾನು ಒಂದು ಕೈಫಿಯತ್ತು ಎಂದೇ ಓದುತ್ತೇನೆ. ಈ ಕಟ್ಟಡದ ವಿಷಯ ನಿಮಗೇನು ಗೊತ್ತು ಎಂದು ಕೇಳಿದಾಗ ಊರು ಕೊಟ್ಟ ಹೇಳಿಕೆ ಅದು. ಹೇಳಿಕೆಯಲ್ಲಿ ಕಣ್ಣಿಗೆ ಕಂಡದ್ದೂ ಇರುತ್ತದೆ, ಕಾಣದ್ದೂ ಇರುತ್ತದೆ. ಬರೆದುಕೊಳ್ಳುವವನು ಎರಡನ್ನೂ ಬರೆದುಕೊಳ್ಳಬೇಕು.

ಬೆಲ್ವೆಡೇರಿನ ಮಾತು ಅರ್ಧಕ್ಕೆ ಬಿಟ್ಟೆ. ಫ್ರಾನ್ಸಿಸನನ್ನು ಹೊತ್ತೊಯ್ದ ಆ ಮನೆಯೇ ಮುಂದೆ ಬಂಗಾಳದ ಲೆಫ್ಟಿನೆಂಟ್ ಗವರ್ನರರ ನಿವಾಸವಾಗಿ, 1953ರಲ್ಲಿ ರಾಷ್ಟ್ರೀಯ ಗ್ರಂಥಾಲಯವಾಗಿ ಜನರಿಗೆ ತೆರೆಯಿತು. ಅಲ್ಲೂ ದೆವ್ವವಿದೆ: ಪುಸ್ತಕವನ್ನು ತೆಗೆದ ಜಾಗದಲ್ಲಿ ಇಡದಿದ್ದರೆ ಕತ್ತಿನ ಹಿಂದೆ ಯಾರೋ ಉಸಿರುಬಿಟ್ಟಂತಾಗುತ್ತದಂತೆ. 2010ರಲ್ಲಿ ಪುರಾತತ್ವ ಇಲಾಖೆಯವರು ದುರಸ್ತಿಯ ಹೊತ್ತಿನಲ್ಲಿ ಆ ಕಟ್ಟಡದ ನೆಲ ಅಂತಸ್ತಿನಲ್ಲಿ ಬಾಗಿಲೂ ಕಿಟಕಿಯೂ ಇಲ್ಲದ ಒಂದು ಆವರಣವನ್ನು ಗುರುತಿಸಿದರು. ಪತ್ರಿಕೆಗಳು ನಿಧಿ ಎಂದವು, ಸೆರೆಮನೆ ಎಂದವು, ಅಸ್ಥಿಪಂಜರ ಎಂದವು. ಒಳಗಿದ್ದದ್ದು ಮಣ್ಣು. ಕಟ್ಟಡ ಗಟ್ಟಿಯಾಗಿ ನಿಲ್ಲಲೆಂದು ತುಂಬಿದ್ದಿರಬೇಕು. ಆ ಗ್ರಂಥಾಲಯಕ್ಕೆ ನಾನು ಹೋಗಿದ್ದೆ. 1954ರ ಕಾಯಿದೆಯ ಪ್ರಕಾರ ದೇಶದ ಯಾವ ಭಾಷೆಯಲ್ಲಿ ಪುಸ್ತಕ ಅಚ್ಚಾದರೂ ಒಂದು ಪ್ರತಿ ಅಲ್ಲಿಗೆ ಹೋಗಬೇಕು. ಧಾರವಾಡದಲ್ಲಿ, ಮೈಸೂರಿನಲ್ಲಿ ಅಚ್ಚಾಗಿ ನಮ್ಮಲ್ಲೇ ಸಿಗದೆ ಹೋದ ಪುಸ್ತಕ ಆಲಿಪುರದಲ್ಲಿ ಇದ್ದೀತು ಎಂಬ ಯೋಚನೆಯೇ ನನಗೆ ಒಂದು ನೆಮ್ಮದಿ.

ಸಂಜೆ ಅಲ್ಲಿಂದ ಹೇಸ್ಟಿಂಗ್ಸ್ ಹೌಸಿನ ಕಡೆ ನಡೆದೆ. ಕಾಲೇಜು ಬಿಡುವ ಹೊತ್ತು. ಪಾಠದ ಟಿಪ್ಪಣಿ, ಬಣ್ಣದ ಚಾರ್ಟು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹುಡುಗಿಯರು ಹೊರಗೆ ಬರುತ್ತಿದ್ದರು. ಗೇಟಿನ ಕಾವಲುಗಾರ ವಯಸ್ಸಾದವರು. ನನ್ನ ಹರಕು ಹಿಂದಿಯಲ್ಲಿ ಕಥೆ ಕೇಳಿದೆ. ಅವರು ನಕ್ಕು, ತಾವು ನೋಡಿಲ್ಲ, ತಮಗಿಂತ ಮೊದಲಿದ್ದವರು ಕೇಳಿಸಿಕೊಂಡಿದ್ದಾರೆ ಎಂದರು. ಎಲ್ಲ ಕೈಫಿಯತ್ತುಗಳೂ ಹಾಗೇ ಶುರುವಾಗುತ್ತವೆ.

ಅಲ್ಲಿ ನಿಂತಿದ್ದಾಗ ನನಗೆ ನೆನಪಾದದ್ದು ಹೇಸ್ಟಿಂಗ್ಸನಲ್ಲ, ಒಬ್ಬ ಅಜ್ಜಿ. ಬಹಳ ವರ್ಷದ ಹಿಂದಿನ ಮಾತು. ನಾನಿದ್ದ ಒಂದು ಕಚೇರಿಗೆ ಸಂತೆಯ ದಿನ ತಪ್ಪದೆ ಬರುತ್ತಿದ್ದರು. ಗಂಡನಿಗೆ ಸರಕಾರ ಎರಡು ಎಕರೆ ಕೊಟ್ಟಿತ್ತು. ಸಾಗುವಳಿ ಚೀಟಿ ಮಳೆಗೆ ಹೋಗಿತ್ತು. ಕಚೇರಿಯ ಪ್ರತಿ ಇರಬೇಕಾದ ಕಟ್ಟಿನಲ್ಲಿ ಇರಲಿಲ್ಲ. ನೆಲವನ್ನು ಪಕ್ಕದವರು ಒತ್ತಿಕೊಂಡಿದ್ದರು. ಬಂದವರೇ ಮೂಲೆಯಲ್ಲಿ ಕೂತುಕೊಳ್ಳುವರು. "ಸಿಕ್ತೇನಪ್ಪಾ?" ಎಂದು ಒಂದೇ ಮಾತು ಕೇಳುವರು. ಇಲ್ಲವೆಂದರೆ ಕೊನೆಯ ಬಸ್ಸಿನ ತನಕ ಕೂತು ಹೋಗುವರು. ಎರಡು ವರ್ಷ ಹೀಗೆ. "ಬಂತು ನೋಡು ದೆವ್ವ" ಎಂದು ನಮ್ಮಲ್ಲೊಬ್ಬರು ಅವರಿಗೆ ಕೇಳಿಸುವಂತೆಯೇ ಅಂದರು. ನಾನು ಅಲ್ಲೇ ಇದ್ದೆ, ಬಾಯಿ ತೆರೆಯಲಿಲ್ಲ. ಆ ನಾಚಿಕೆ ನನ್ನನ್ನು ಈವರೆಗೂ ಬಿಟ್ಟಿಲ್ಲ. ಮೂರನೆಯ ವರ್ಷ ಕಚೇರಿಗೆ ಸುಣ್ಣ ಹೊಡೆಸುವಾಗ ಕಪಾಟು ಸರಿಸಿದರೆ, ಗೋಡೆಗೂ ಕಪಾಟಿಗೂ ನಡುವೆ ಬಿದ್ದಿದ್ದ ಒಂದು ಕಟ್ಟಿನಲ್ಲಿ ಆ ಪ್ರತಿ ಇತ್ತು. ಅಂಚನ್ನು ಗೆದ್ದಲು ತಿಂದಿತ್ತು. ಹೆಸರು, ಸರ್ವೆ ನಂಬರು, ಮೊಹರು ಉಳಿದಿದ್ದವು. ಅದನ್ನು ಹಿಡಿದುಕೊಂಡು ನಾನೇ ಅವರ ಹಳ್ಳಿಗೆ ಹೋದೆ. ಅಜ್ಜಿ ತೀರಿಹೋಗಿ ನಾಲ್ಕು ತಿಂಗಳಾಗಿತ್ತು. ಮಗಳ ಕೈಗೆ ಕೊಟ್ಟು ಬಂದೆ. ಆಕೆ ಕಾಗದವನ್ನು ಕಣ್ಣಿಗೆ ಒತ್ತಿಕೊಂಡು ದೇವರ ಗೂಡಿನಲ್ಲಿಟ್ಟಳು.

ಆಲಿಪುರದ ಸಾಹೇಬನಿಗೆ ಸಾರೋಟು ಇತ್ತು, ಎರಡು ಸಾವಿರ ರೂಪಾಯಿ ಬಹುಮಾನ ಸಾರಲು ಪತ್ರಿಕೆ ಇತ್ತು. ಈ ಅಜ್ಜಿಗೆ ಕೊನೆಯ ಬಸ್ಸು ಇತ್ತು. ಹುಡುಕುತ್ತಿದ್ದುದು ಇಬ್ಬರೂ ಒಂದೇ ಬಗೆಯ ವಸ್ತುವನ್ನು. ನಮ್ಮ ಹಳೆಯ ಕಚೇರಿ ಕಟ್ಟಡಗಳಲ್ಲಿ ರಾತ್ರಿ ಸದ್ದು ಕೇಳುತ್ತದೆಂದು ಯಾರಾದರೂ ಹೇಳಿದರೆ ನಾನು ನಗುವುದಿಲ್ಲ, ಏನು ಹುಡುಕುವ ಸದ್ದು ಎಂದು ಕೇಳುತ್ತೇನೆ.

ಈಗ ಮತ್ತೆ ದತ್ತಿಯ ಶಾನುಭೋಗರ ಮನೆತನಕ್ಕೆ ಬರುತ್ತೇನೆ. 1961ರ ಕಾಯಿದೆಯಿಂದ ಶಾನುಭೋಗಿಕೆ ಹೋಯಿತು. ಲೆಕ್ಕ ಒಪ್ಪಿಸಿ ಬಂದ ಮೇಲೂ ಅಜ್ಜ ಅಟ್ಟದ ಮೇಲೆ ಒಂದು ಹಲಸಿನ ಮರದ ಪೆಟ್ಟಿಗೆ ಇಟ್ಟುಕೊಂಡಿದ್ದರಂತೆ. ನಿನ್ನೆ ಸಂಜೆ ಅದನ್ನು ನನಗೆ ತೋರಿಸಿದರು. ಮೇಲಿನ ಪದರದಲ್ಲಿ ಎರಡು ಕಡತಗಳಿವೆ, ನಿಜವಾದ ಕಡತಗಳು. ಹುಣಸೆಬೀಜದ ಗೋಂದಿಗೆ ಇದ್ದಲು ಬೆರೆಸಿ ಬಟ್ಟೆಗೆ ಬಳಿದು ಮಡಿಸಿ, ಬಳಪದಲ್ಲಿ ಬರೆದದ್ದು. ಕೈ ತಾಗಿದರೆ ಅಕ್ಷರ ಅಳಿಯುತ್ತದೆ. ಕೆಳಗೆ ಏನಿದೆಯೋ ಮನೆಯವರೂ ನೋಡಿಲ್ಲ. ಮಕ್ಕಳನ್ನು ಹೆದರಿಸಿ ದೂರವಿಡಲು "ಪೆಟ್ಟಿಗೆಯಲ್ಲಿ ಮುನಿ ಇದ್ದಾನೆ" ಎಂದು ಅಜ್ಜ ಹೇಳಿದ್ದರಂತೆ. ಆ ಮಾತಿಗೆ ಅರವತ್ತು ವರ್ಷ ಯಾರೂ ಮುಚ್ಚಳ ಎತ್ತಿಲ್ಲ.

ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಆ ಮನೆಯ ಪಡಸಾಲೆಯಲ್ಲಿ ಪೆಟ್ಟಿಗೆ ತೆರೆಯುತ್ತೇವೆ. ಬಿಸಿಲಿಗೆ ಹಾಕುವುದು ಬೇಡ, ನೆರಳಿನಲ್ಲೇ ಹರವೋಣ. ಮೆದುವಾದ ಬ್ರಷ್ಷು, ಬಿಳಿಯ ಬಟ್ಟೆ, ಬಜೆಯ ಬೇರು ನಾನು ತಂದಿದ್ದೇನೆ. ಒಂದೊಂದನ್ನೂ ಎಣಿಸಿ ಪಟ್ಟಿ ಬರೆಯಲು ಅಕ್ಷರ ಚೆನ್ನಾಗಿರುವ ಇಬ್ಬರು ಬೇಕು. ಹೈಸ್ಕೂಲಿನ ಮಕ್ಕಳು ಯಾರಾದರೂ ಬಂದರೆ ಸಂತೋಷ. ಕೈ ತೊಳೆದು, ಒರೆಸಿಕೊಂಡು ಬನ್ನಿ.